ಮುಂಬೈ ಶಾಲೆಗಳಿಗೆ ಆಸಕ್ತಿ ಪತ್ರ ಬರೆಯುವುದು ಹೇಗೆ? ಬೊರಿವಲಿಯ ಕನ್ನಡಿಗ ಶಿಕ್ಷಕರಿಗೆ ಇಲ್ಲಿದೆ ಮಾಹಿತಿ

ಬಿ.ಎಡ್. ಮುಗಿಸಿ, ಊರಿನ ಸರ್ಕಾರಿ ಶಾಲೆಯಲ್ಲಿ ಒಂದೆರಡು ವರ್ಷ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡಿ, ಮದುವೆಯಾಗಿ ಮುಂಬೈಗೆ ಬಂದವರು ಬೊರಿವಲಿ, ದಹಿಸರ್, ಕಾಂದಿವಲಿಯ ಕನ್ನಡ ಮನೆಗಳಲ್ಲಿ ಸಿಗುತ್ತಾರೆ. ಇವರಲ್ಲಿ ಕೆಲವರು ಮನೆಯಲ್ಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಉಳಿದುಬಿಡುತ್ತಾರೆ. ಓದು ಕಡಿಮೆ ಎಂದಲ್ಲ. ಇಲ್ಲಿ ಯಾವ ಶಾಲೆಗೆ ನೇರವಾಗಿ ಅರ್ಜಿ ಹಾಕಬಹುದು, ಯಾವುದಕ್ಕೆ ಆಗುವುದಿಲ್ಲ, ಜಾಹೀರಾತೇ ಇಲ್ಲದಾಗ ಪ್ರಿನ್ಸಿಪಾಲರಿಗೆ ಏನೆಂದು ಬರೆಯಬೇಕು ಎಂಬುದನ್ನು ಹೇಳಿಕೊಡುವವರು ಇರುವುದಿಲ್ಲ.

ಹುದ್ದೆ ಖಾಲಿ ಇದೆ ಎಂದು ಶಾಲೆ ಪ್ರಕಟಿಸಿದ ಮೇಲೆ ಬಯೋಡೇಟಾ ಜೊತೆ ಕಳುಹಿಸುವುದು ಕವರ್ ಲೆಟರ್. ಪ್ರಕಟಣೆ ಇಲ್ಲದಿದ್ದರೂ 'ನಿಮ್ಮಲ್ಲಿ ಪಾಠ ಮಾಡಲು ನನಗೆ ಆಸಕ್ತಿ ಇದೆ, ಜಾಗ ಬಂದಾಗ ಪರಿಗಣಿಸಿ' ಎಂದು ಮೊದಲೇ ಬರೆಯುವುದು ಆಸಕ್ತಿ ಪತ್ರ, ಅಂದರೆ ಲೆಟರ್ ಆಫ್ ಇಂಟರೆಸ್ಟ್. ಖಾಸಗಿ ಶಾಲೆಗಳಲ್ಲಿ ವರ್ಷದ ನಡುವೆ ಯಾರೋ ಹೆರಿಗೆ ರಜೆಗೆ ಹೋಗುತ್ತಾರೆ, ಯಾರದೋ ಗಂಡನಿಗೆ ವರ್ಗಾವಣೆಯಾಗುತ್ತದೆ. ಆಗ ಪ್ರಿನ್ಸಿಪಾಲರು ಜಾಹೀರಾತು ಕೊಡುವ ಮುಂಚೆ ಕೈಯಲ್ಲಿರುವ ಫೈಲ್ ತೆಗೆದು ನೋಡುತ್ತಾರೆ. ನಿಮ್ಮ ಪತ್ರ ಆ ಫೈಲಿನಲ್ಲಿ ಇರಬೇಕು, ತೆಗೆದು ನೋಡಿದ ತಕ್ಷಣ ಉಪಯೋಗಕ್ಕೂ ಬರಬೇಕು.

ಮೊದಲು ಶಾಲೆ ಯಾವ ಬಗೆಯದು ತಿಳಿಯಿರಿ

ಪತ್ರ ಬರೆಯಲು ಕೂರುವ ಮುಂಚೆ ಈ ಒಂದು ವಿಷಯ ಖಚಿತವಾಗಿರಲಿ. ಮಹಾರಾಷ್ಟ್ರದಲ್ಲಿ ಪಾಲಿಕೆ ಶಾಲೆಗಳು ಮತ್ತು ಸರ್ಕಾರದ ಅನುದಾನ ಪಡೆಯುವ ಖಾಸಗಿ ಶಾಲೆಗಳ ಶಿಕ್ಷಕರ ನೇಮಕಾತಿ 'ಪವಿತ್ರ' ಪೋರ್ಟಲ್ ಮೂಲಕ ನಡೆಯುತ್ತದೆ. 2017ರಲ್ಲಿ ಸರ್ಕಾರ ಈ ವ್ಯವಸ್ಥೆ ತಂದಿತು. ಅದಕ್ಕೆ ಟಿಎಐಟಿ ಎಂಬ 200 ಅಂಕಗಳ ಅಭಿರುಚಿ ಮತ್ತು ಬುದ್ಧಿಮತ್ತೆ ಪರೀಕ್ಷೆ ಬರೆಯಬೇಕು. ಇದನ್ನು ನಡೆಸುವುದು ಪುಣೆಯಲ್ಲಿರುವ ರಾಜ್ಯ ಪರೀಕ್ಷಾ ಪರಿಷತ್ತು. ಪ್ರತಿವರ್ಷ ನಡೆಯುವ ಪರೀಕ್ಷೆ ಇದಲ್ಲ. 2017ರ ನಂತರ ಎರಡನೆಯದು ನಡೆದದ್ದು 2023ರಲ್ಲಿ, ಮೂರನೆಯದು 2025ರಲ್ಲಿ. ಹಾಗಾಗಿ ಬೃಹನ್ಮುಂಬೈ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಎಷ್ಟೇ ಚೆನ್ನಾಗಿ ಆಸಕ್ತಿ ಪತ್ರ ಬರೆದರೂ ಅವರು ನಿಮ್ಮನ್ನು ನೇಮಿಸಲಾರರು. ಅವರಿಗೆ ಆ ಅಧಿಕಾರವೇ ಇಲ್ಲ.

ಆಸಕ್ತಿ ಪತ್ರ ಕೆಲಸ ಮಾಡುವುದು ಅನುದಾನರಹಿತ ಖಾಸಗಿ ಶಾಲೆಗಳಲ್ಲಿ. ಬೊರಿವಲಿಯಿಂದ ಗೋರೆಗಾಂವ್‌ವರೆಗೆ, ಆ ಕಡೆ ಮೀರಾ ರೋಡ್‌ವರೆಗೆ ಇರುವ ಸಿಬಿಎಸ್‌ಇ, ಐಸಿಎಸ್‌ಇ, ಕೇಂಬ್ರಿಜ್ ಶಾಲೆಗಳು ಮತ್ತು ಅನುದಾನವಿಲ್ಲದ ರಾಜ್ಯ ಮಂಡಳಿಯ ಇಂಗ್ಲಿಷ್ ಮಾಧ್ಯಮ ಶಾಲೆಗಳು ಈ ಗುಂಪಿನವು. ಅಲ್ಪಸಂಖ್ಯಾತ ಮಾನ್ಯತೆ ಪಡೆದ ಸಂಸ್ಥೆಗಳಿಗೂ ನೇಮಕಾತಿಯಲ್ಲಿ ಹೆಚ್ಚಿನ ಸ್ವಾತಂತ್ರ್ಯವಿದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು ಎಂಬುದನ್ನು ನೆನಪಿಡಿ. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಚೆಂಬೂರು ಕರ್ನಾಟಕ ಸಂಘ, ಪೊವಾಯಿಯಲ್ಲಿ ಎಸ್.ಎಂ. ಶೆಟ್ಟಿ ಶಾಲೆ ನಡೆಸುವ ಬಂಟರ ಸಂಘದಂಥ ಕನ್ನಡಿಗರ, ತುಳುವರ ಸಂಸ್ಥೆಗಳು ಮುಂಬೈಯಲ್ಲಿ ಹಲವು. ಆದರೆ ಒಂದೇ ಸಂಸ್ಥೆಯಲ್ಲಿ ಅನುದಾನಿತ ವಿಭಾಗ, ಅನುದಾನರಹಿತ ವಿಭಾಗ ಎರಡೂ ಇರಬಹುದು. ಕಚೇರಿಗೆ ಫೋನ್ ಮಾಡಿ ಕೇಳಿ ತಿಳಿದುಕೊಳ್ಳುವುದೇ ಸರಿಯಾದ ದಾರಿ.

ಯಾವ ತರಗತಿಗೆ? ಮೊದಲ ಸಾಲಿನಲ್ಲೇ ಹೇಳಿ

'ಯಾವುದೇ ತರಗತಿಗೆ, ಯಾವುದೇ ವಿಷಯಕ್ಕೆ ಪಾಠ ಮಾಡಲು ಸಿದ್ಧ' ಎಂದು ಬರೆಯುವವರು ಬಹಳ. ವಿನಯದ ಮಾತಿನಂತೆ ಕಾಣುತ್ತದೆ, ಆದರೆ ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ತರಗತಿಗೆ ತಕ್ಕಂತೆ ಅರ್ಹತೆಯೇ ಬೇರೆ.

ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ನಿಗದಿ ಮಾಡಿತು. ಅಲ್ಲಿಂದ ಟಿಇಟಿ ಕಡ್ಡಾಯವಾಯಿತು. ಬಿ.ಎಡ್. ಮಾಡಿದವರು ಒಂದರಿಂದ ಐದನೇ ತರಗತಿಗೂ ಅರ್ಹರು ಎಂದು 2018ರಲ್ಲಿ ಹೊರಬಂದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತಳ್ಳಿಹಾಕಿತು. ಅಂದರೆ ಕೈಯಲ್ಲಿ ಬಿ.ಎಡ್. ಮಾತ್ರ ಇದ್ದರೆ ಪ್ರಾಥಮಿಕ ವಿಭಾಗಕ್ಕೆ ಅರ್ಜಿ ಹಾಕಬೇಡಿ, 6ರಿಂದ 8ಕ್ಕೆ ಅಥವಾ ಪ್ರೌಢಶಾಲೆಗೆ ಹಾಕಿ. ಡಿ.ಎಡ್. ಅಥವಾ ಡಿ.ಎಲ್.ಎಡ್. ಮಾಡಿದವರು ಪ್ರಾಥಮಿಕ ವಿಭಾಗ ಎಂದು ಧೈರ್ಯವಾಗಿ ಬರೆಯಬಹುದು. ಹನ್ನೊಂದು, ಹನ್ನೆರಡನೇ ತರಗತಿಗೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿಯೂ ಬಿ.ಎಡ್. ಕೂಡ ಬೇಕು.

ಟಿಇಟಿ ವಿಷಯದಲ್ಲಿ ಕರ್ನಾಟಕದಿಂದ ಬಂದವರಿಗೆ ಒಂದು ತೊಡಕಿದೆ. ಇಲ್ಲಿ ಕೇಳುವುದು ಮಹಾರಾಷ್ಟ್ರದ ಟಿಇಟಿ ಅಥವಾ ಸಿಬಿಎಸ್‌ಇ ನಡೆಸುವ ಸಿಟಿಇಟಿ. ಕರ್ನಾಟಕದ ಟಿಇಟಿ ಮಾತ್ರ ಇದ್ದರೆ ಮುಚ್ಚಿಡಬೇಡಿ, ಅದನ್ನೇ ಬರೆಯಿರಿ. ಜೊತೆಗೆ ಮುಂದಿನ ಸಿಟಿಇಟಿ ಬರೆಯುತ್ತಿದ್ದೇನೆ ಎಂದೂ ತಿಳಿಸಿ. ಸಿಟಿಇಟಿಯಲ್ಲಿ ಭಾಷಾ ವಿಷಯವಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು, ಇದು ನಮ್ಮವರಿಗೆ ಅನುಕೂಲ. 150ಕ್ಕೆ 90 ಅಂಕ ಬಂದರೆ ಪಾಸು, ಪ್ರಮಾಣಪತ್ರಕ್ಕೆ ಈಗ ಆಜೀವ ಮಾನ್ಯತೆ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಈ ಪ್ರಮಾಣಪತ್ರದ ಬೆಲೆ ಇನ್ನೂ ಹೆಚ್ಚಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಅದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠದ ಪರಿಶೀಲನೆಗೆ ಬಿಟ್ಟಿತು. ಹೊಸಬರನ್ನು ತೆಗೆದುಕೊಳ್ಳುವಾಗ ಶಾಲೆಗಳು ಮೊದಲು ಟಿಇಟಿ ಕೇಳುವುದು ಇದರಿಂದಾಗಿ ಸಹಜ. ನಿಮ್ಮ ಬಳಿ ಇದ್ದರೆ ಪತ್ರದ ಎರಡನೇ ಸಾಲಿನಲ್ಲೇ ಕಾಣಲಿ.

ಗುಣವಿಶೇಷಣ ಬೇಡ, ಒಂದು ಪಾಠ ಬರೆಯಿರಿ

'ನಾನು ಪರಿಶ್ರಮಿ, ಸಮಯಪಾಲನೆ ಇರುವವಳು, ಮಕ್ಕಳೆಂದರೆ ಪ್ರಾಣ' ಎನ್ನುವ ಸಾಲುಗಳನ್ನು ಪ್ರಿನ್ಸಿಪಾಲರು ಎಷ್ಟು ಸಾರಿ ಓದಿರುತ್ತಾರೋ. ಅಂತರ್ಜಾಲದಿಂದ ಇಳಿಸಿಕೊಂಡ ಮಾದರಿಯಾಗಲಿ, ಎಐ ಬರೆದುಕೊಟ್ಟ ಪತ್ರವಾಗಲಿ ಇದನ್ನೇ ಇನ್ನಷ್ಟು ನಯವಾದ ಇಂಗ್ಲಿಷಿನಲ್ಲಿ ಹೇಳುತ್ತವೆ. ಇದರ ಬದಲು ನೀವು ಮಾಡಿದ ಒಂದೇ ಒಂದು ಪಾಠದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಮಕ್ಕಳು ಎಲ್ಲಿ ಎಡವುತ್ತಿದ್ದರು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ತರಗತಿಯಲ್ಲಿ ನಿಂತು ಪಾಠ ಮಾಡಿದವರು ಮಾತ್ರ ಇದನ್ನು ಬರೆಯಬಲ್ಲರು. ಓದುವ ಪ್ರಿನ್ಸಿಪಾಲರೂ ಒಂದು ಕಾಲದ ಶಿಕ್ಷಕರೇ ಆದ್ದರಿಂದ ಅವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಉದಾಹರಣೆಗೆ ಗಣಿತ ಶಿಕ್ಷಕಿಯೊಬ್ಬರ ಪತ್ರ ಹೀಗಿರಬಹುದು. ಅರ್ಥ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಇಂಗ್ಲಿಷ್ ಮಾಧ್ಯಮ ಶಾಲೆಗೆ ಇಂಗ್ಲಿಷಿನಲ್ಲೇ, ನಿಮ್ಮದೇ ಸರಳ ಮಾತಿನಲ್ಲಿ ಬರೆಯಬೇಕು:

*ಮಾನ್ಯ ಪ್ರಿನ್ಸಿಪಾಲರಿಗೆ,*

*ನಿಮ್ಮ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಗಣಿತ ಪಾಠ ಮಾಡಲು ಆಸಕ್ತಿ ಇದೆ ಎಂದು ತಿಳಿಸಲು ಈ ಪತ್ರ. ನಾನು ಬಿ.ಎಸ್‌ಸಿ., ಬಿ.ಎಡ್. ಪದವೀಧರೆ. ಸಿಟಿಇಟಿ ಎರಡನೇ ಪತ್ರಿಕೆಯಲ್ಲಿ ತೇರ್ಗಡೆಯಾಗಿದ್ದೇನೆ.*

*ಉಡುಪಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಆರನೇ ತರಗತಿಯಲ್ಲಿ ಭಿನ್ನರಾಶಿ ಕೂಡಿಸುವಾಗ ಹೆಚ್ಚಿನ ಮಕ್ಕಳು ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 1/2 + 1/3 = 2/5 ಎಂದು ಬರೆಯುತ್ತಿದ್ದರು. ಸೂತ್ರವನ್ನು ಮತ್ತೆ ಹೇಳಿಕೊಡುವ ಬದಲು ಪ್ರತಿಯೊಬ್ಬರಿಗೂ ಒಂದೇ ಉದ್ದದ ಕಾಗದದ ಪಟ್ಟಿ ಕೊಟ್ಟು ಮಡಚಿಸಿದೆ. 2/5 ಭಾಗ ಅರ್ಧಕ್ಕಿಂತಲೂ ಚಿಕ್ಕದು ಎಂದು ಅವರೇ ಕಂಡುಕೊಂಡರು. ಕೂಡಿಸಿದ ಮೇಲೆ ಉತ್ತರ ಚಿಕ್ಕದಾಗಲು ಹೇಗೆ ಸಾಧ್ಯ ಎಂದು ಒಬ್ಬ ಹುಡುಗ ಕೇಳಿದ. ಅಲ್ಲಿಂದ ಸಮಾನ ಛೇದದ ಪಾಠ ಸುಲಭವಾಯಿತು.*

*ನಾನು ಬೊರಿವಲಿ ಪಶ್ಚಿಮದಲ್ಲಿ ವಾಸವಾಗಿದ್ದೇನೆ. ಬೆಳಗಿನ ಪಾಳಿಗೂ ಬರಬಲ್ಲೆ. ರಜೆಯ ಮೇಲೆ ಹೋದವರ ಬದಲಿಗೆ ತಾತ್ಕಾಲಿಕವಾಗಿ ಕರೆದರೂ ಸಿದ್ಧಳಿದ್ದೇನೆ. ಡೆಮೊ ಪಾಠಕ್ಕೆ ಯಾವ ದಿನ ಕರೆದರೂ ಬರುತ್ತೇನೆ. ಬಯೋಡೇಟಾ ಲಗತ್ತಿಸಿದೆ.*

*ವಂದನೆಗಳೊಂದಿಗೆ.*

ಇಷ್ಟೇ ಸಾಕು. ಒಂದು ಪುಟ ದಾಟಬಾರದು. ಈ ಭಿನ್ನರಾಶಿಯ ಉದಾಹರಣೆಯನ್ನೇ ನಕಲು ಮಾಡಬೇಡಿ. ಡೆಮೊ ಪಾಠಕ್ಕೆ ಕರೆದಾಗ 'ಪತ್ರದಲ್ಲಿ ಬರೆದಿದ್ದೀರಲ್ಲ, ಅದನ್ನೇ ಮಾಡಿ ತೋರಿಸಿ' ಎಂದರೆ ಕಷ್ಟ. ಕನ್ನಡ ಅಥವಾ ಹಿಂದಿ ಶಿಕ್ಷಕರಾದರೆ ಒತ್ತಕ್ಷರ, ಮಾತ್ರೆಗಳ ತಪ್ಪು ತಿದ್ದಿದ ಬಗೆ ಬರೆಯಬಹುದು. ವಿಜ್ಞಾನವಾದರೆ ಪ್ರಯೋಗಾಲಯ ಇಲ್ಲದ ಶಾಲೆಯಲ್ಲಿ ಏನಿಟ್ಟುಕೊಂಡು ಪ್ರಯೋಗ ತೋರಿಸಿದಿರಿ ಎಂಬುದು ಒಳ್ಳೆಯ ವಿಷಯ.

ಅತಿಥಿ ಶಿಕ್ಷಕಿಯಾಗಿದ್ದುದನ್ನು ಹೇಳಿಕೊಳ್ಳಲು ಕೆಲವರಿಗೆ ಸಂಕೋಚ. ಬೇಕಿಲ್ಲ. ಗೌರವಧನದ ಕೆಲಸವಾದರೂ ಅದು ನಿಜವಾದ ತರಗತಿಯ ಅನುಭವ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಇರುವ ಅನುಭವ ಪತ್ರ ತರಿಸಿಟ್ಟುಕೊಳ್ಳಿ. ಊರಿಗೆ ಹೋದಾಗ ಮಾಡಬೇಕಾದ ಮೊದಲ ಕೆಲಸ ಇದು. ಮನೆಯ ಟ್ಯೂಷನ್ ಅನುಭವವನ್ನೂ ಬರೆಯಬಹುದು, ಆದರೆ ಶಾಲೆಯ ಅನುಭವದ ವರ್ಷಗಳ ಜೊತೆ ಅದನ್ನು ಕೂಡಿಸಬೇಡಿ. ನಡುವೆ ಮಗು, ಮನೆ ಎಂದು ಕೆಲಸ ಬಿಟ್ಟ ವರ್ಷಗಳಿದ್ದರೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಕ್ಷಮೆ ಕೇಳುವ ಧಾಟಿ ಬೇಡ.

ಶಾಲೆಯ ಬಗ್ಗೆ ಅರ್ಧ ಗಂಟೆ ಓದಿ

ಸಿಬಿಎಸ್‌ಇ ಶಾಲೆಗಳು ತಮ್ಮ ಜಾಲತಾಣದಲ್ಲಿ 'ಕಡ್ಡಾಯ ಸಾರ್ವಜನಿಕ ಪ್ರಕಟಣೆ' ಎಂಬ ಪುಟ ಹಾಕಲೇಬೇಕು. ಅದರಲ್ಲಿ ಪ್ರಿನ್ಸಿಪಾಲರ ಹೆಸರು, ವಿದ್ಯಾರ್ಹತೆ, ಪಿಆರ್‌ಟಿ, ಟಿಜಿಟಿ, ಪಿಜಿಟಿ ಶಿಕ್ಷಕರು ಎಷ್ಟು ಮಂದಿ ಎಂಬ ವಿವರ ಇರುತ್ತದೆ. ಪತ್ರ ಯಾರ ಹೆಸರಿಗೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. 'ಸಂಬಂಧಪಟ್ಟವರಿಗೆ' ಎಂದು ಆರಂಭವಾಗುವ ಪತ್ರಕ್ಕೂ ಹೆಸರು ಹಿಡಿದು ಬರೆದ ಪತ್ರಕ್ಕೂ ವ್ಯತ್ಯಾಸವಿದೆ.

ರಾಜ್ಯ ಮಂಡಳಿಯ ಶಾಲೆಯಾದರೆ ಬಾಲಭಾರತಿಯ ಪುಸ್ತಕ ನೋಡಿ. ಇ-ಬಾಲಭಾರತಿ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಕನ್ನಡ ಮಾಧ್ಯಮದ ಪುಸ್ತಕಗಳೂ ಇವೆ. ಕರ್ನಾಟಕದ ಪುಸ್ತಕ ಕಲಿಸಿದವರಿಗೆ ಪಾಠಗಳ ಕ್ರಮ ಇಲ್ಲಿ ಬೇರೆ ಎನಿಸಬಹುದು. 'ನಿಮ್ಮ ಏಳನೇ ತರಗತಿಯ ಪುಸ್ತಕ ನೋಡಿದ್ದೇನೆ' ಎಂಬ ಒಂದು ಸಾಲು, ಅದು ನಿಜವಾಗಿದ್ದರೆ, ಬರೆಯಬಹುದು.

ಮರಾಠಿ ಬರುತ್ತದೆಯೇ?

ಈ ಪ್ರಶ್ನೆ ಬಂದೇ ಬರುತ್ತದೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. ನೀವು ಗಣಿತ ಕಲಿಸುವವರಾದರೂ ಶಿಕ್ಷಣ ಇಲಾಖೆಯ ಸುತ್ತೋಲೆ ಮರಾಠಿಯಲ್ಲೇ ಬರುತ್ತದೆ, ಕೆಲವು ಪೋಷಕರು ಮರಾಠಿಯಲ್ಲೇ ಮಾತಾಡುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ: 'ಮಾತು ಅರ್ಥವಾಗುತ್ತದೆ, ದೇವನಾಗರಿ ಓದುತ್ತೇನೆ, ಬರೆಯುವುದನ್ನು ಕಲಿಯುತ್ತಿದ್ದೇನೆ.' ಸಂದರ್ಶನದಲ್ಲಿ ಎರಡು ವಾಕ್ಯ ಮರಾಠಿಯಲ್ಲಿ ಕೇಳಿದರೆ ನಿಜ ಹೊರಬರುತ್ತದೆ, ಉತ್ಪ್ರೇಕ್ಷೆ ಮಾಡಿ ಪ್ರಯೋಜನವಿಲ್ಲ.

ಕನ್ನಡ ಬರುತ್ತದೆ ಎಂಬುದನ್ನೂ ಬಿಡಬೇಡಿ. ಇಂಗ್ಲಿಷ್ ಮಾಧ್ಯಮ ಶಾಲೆಗೆ ಅದು ಹೆಚ್ಚುವರಿ ಗುಣ ಮಾತ್ರ. ಕನ್ನಡ ಸಂಘಸಂಸ್ಥೆಗಳ ಶಾಲೆಗೆ ಬರೆಯುವಾಗ ಅದೇ ಮುಖ್ಯ ಗುಣವಾಗಬಹುದು. ಅಲ್ಲಿಗೆ ಪತ್ರವನ್ನು ಕನ್ನಡದಲ್ಲೇ ಬರೆಯಿರಿ, ಗೌರವ ಕಾರ್ಯದರ್ಶಿಯವರಿಗೂ ಒಂದು ಪ್ರತಿ ಇರಲಿ. ಕಾಲಿನಾದ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ. ಮಾಡಿದವರು ಅದನ್ನು ಮೇಲೆಯೇ ತಿಳಿಸಬೇಕು. 1978ರಿಂದ ಇರುವ ಆ ವಿಭಾಗದ ಪರಿಚಯ ಈ ಸಂಸ್ಥೆಗಳ ಹಿರಿಯರಿಗೆ ಇದ್ದೇ ಇರುತ್ತದೆ. ಇನ್ನು 'ಊರಿನವರು', ಸಂಬಂಧಿಕರು ಎಂದು ಯಾರದಾದರೂ ಹೆಸರು ಹಾಕುವುದಾದರೆ ಮೊದಲು ಅವರನ್ನು ಕೇಳಿ. ಶಾಲೆಯಿಂದ ಫೋನ್ ಹೋದಾಗ ಅವರಿಗೇ ಗೊತ್ತಿಲ್ಲದಿದ್ದರೆ ಇಬ್ಬರಿಗೂ ಮುಜುಗರ.

ಹೆಸರು ಒಂದೇ ಇರಲಿ

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರದ ಅರ್ಜಿಗಳಲ್ಲಿ ಕೇಳುವುದು ಅಡ್ಡಹೆಸರು, ನಿಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು. ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಾಗಿದ್ದರೆ ಅಂಕಪಟ್ಟಿಯಲ್ಲಿ ಒಬ್ಬರು, ಆಧಾರ್‌ನಲ್ಲಿ ಇನ್ನೊಬ್ಬರು, ಬಿ.ಎಡ್. ಪ್ರಮಾಣಪತ್ರದಲ್ಲಿ ಮತ್ತೊಬ್ಬರು ಇದ್ದಂತೆ ಕಾಣುತ್ತದೆ. ಪತ್ರದ ಕೊನೆಗೆ 'ಅಂಕಪಟ್ಟಿಯಲ್ಲಿ ನನ್ನ ಹೆಸರು ಹೀಗಿದೆ' ಎಂಬ ಒಂದು ಸಾಲು ಸಾಕು. ಮದುವೆ ನೋಂದಣಿ ಪತ್ರ ಅಥವಾ ಗೆಜೆಟ್ ಪ್ರಕಟಣೆಯ ಪ್ರತಿ ಸಿದ್ಧವಾಗಿಟ್ಟುಕೊಳ್ಳಿ. ಪೊಲೀಸ್ ಪರಿಶೀಲನೆಯ ಕಾಗದವನ್ನೂ ಶಾಲೆಗಳು ಕೇಳುತ್ತವೆ. ಆ ಹೊತ್ತಿಗೆ ಹೆಸರಿನ ಗೊಂದಲ ಉಳಿದಿದ್ದರೆ ಓಡಾಟ ಹೆಚ್ಚುತ್ತದೆ.

ಎಲ್ಲಿ ವಾಸ, ಎಷ್ಟು ಹೊತ್ತಿಗೆ ಬರುತ್ತೀರಿ

ಮುಂಬೈಯಲ್ಲಿ ಇದು ಸಣ್ಣ ವಿಷಯವಲ್ಲ. ಎರಡು ಪಾಳಿಯ ಶಾಲೆಗಳಲ್ಲಿ ಬೆಳಗಿನ ಗಂಟೆ ಏಳರ ಆಸುಪಾಸಿಗೆ ಹೊಡೆಯುತ್ತದೆ. ಅಂಧೇರಿಯಿಂದ ಬೊರಿವಲಿಗೆ ಬರುವವರಿಗಿಂತ ಪಕ್ಕದ ಬೀದಿಯವರನ್ನು ಶಾಲೆ ಇಷ್ಟಪಟ್ಟರೆ ಆಶ್ಚರ್ಯವಿಲ್ಲ. ಪೂರ್ವವೋ ಪಶ್ಚಿಮವೋ ಎಂಬುದನ್ನು ತಪ್ಪದೆ ಬರೆಯಿರಿ. ಲೋಕಲ್ ರೈಲಿನ ಜೊತೆಗೆ ಈಗ ದಹಿಸರ್ ಪೂರ್ವದಿಂದ ಅಂಧೇರಿ ಪಶ್ಚಿಮಕ್ಕೆ ಮೆಟ್ರೊ 2ಎ, ಹೆದ್ದಾರಿಯ ಮೇಲೆ ಮೆಟ್ರೊ 7 ಇವೆ. ಗೋರೆಗಾಂವ್, ಮಲಾಡ್‌ನ ಶಾಲೆಗೂ ಹೊತ್ತಿಗೆ ಸರಿಯಾಗಿ ತಲುಪಬಹುದು ಎನಿಸಿದರೆ ಯಾವ ದಾರಿಯಲ್ಲಿ ಬರುತ್ತೀರಿ ಎಂದು ಅರ್ಧ ಸಾಲಿನಲ್ಲಿ ಹೇಳಿ.

ಯಾವಾಗ ಕಳುಹಿಸಬೇಕು?

ರಾಜ್ಯ ಮಂಡಳಿಯ ಶಾಲೆಗಳು ಮುಂಬೈಯಲ್ಲಿ ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಪತ್ರ ತಲುಪಿದರೆ ಅನುಕೂಲ, ಮೇ ರಜೆಯಲ್ಲಿ ಕಳುಹಿಸಿದ್ದು ರಾಶಿಯಲ್ಲಿ ಉಳಿಯುತ್ತದೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಅಲ್ಲಿಗೆ ಡಿಸೆಂಬರ್, ಜನವರಿಯೇ ಸರಿ. ದೀಪಾವಳಿ ರಜೆ ಮುಗಿದ ವಾರವೂ ಒಳ್ಳೆಯದು, ಕೆಲಸ ಬಿಡುವವರು ಆಗ ತಿಳಿಸಿರುತ್ತಾರೆ.

ಇಮೇಲ್ ಮಾಡುವಾಗ ವಿಷಯದ ಸಾಲಿನಲ್ಲಿ 'ಅರ್ಜಿ' ಎಂದಷ್ಟೇ ಹಾಕದೆ 'ಗಣಿತ ಶಿಕ್ಷಕಿ, 6–8, ಬಿ.ಎಡ್., ಸಿಟಿಇಟಿ, ಬೊರಿವಲಿ ಪಶ್ಚಿಮ' ಎಂದು ಹಾಕಿ. ಆರು ತಿಂಗಳ ನಂತರ ಹುಡುಕುವವರಿಗೂ ಸಿಗುತ್ತದೆ. ಪತ್ರ, ಬಯೋಡೇಟಾ ಒಂದೇ ಪಿಡಿಎಫ್‌ನಲ್ಲಿರಲಿ. ಮೊದಲ ಪತ್ರದ ಜೊತೆಗೇ ಆಧಾರ್, ಅಂಕಪಟ್ಟಿಗಳ ಪ್ರತಿ ಕಳುಹಿಸುವ ಅಗತ್ಯವಿಲ್ಲ. ಸಂಬಳದ ನಿರೀಕ್ಷೆಯನ್ನೂ ಅವರು ಕೇಳುವವರೆಗೆ ಬರೆಯಬೇಡಿ. ಹತ್ತಿರದ ಶಾಲೆಯಾದರೆ ಮುದ್ರಿತ ಪ್ರತಿಯನ್ನು ಕಚೇರಿಗೇ ಕೊಟ್ಟು ಬನ್ನಿ, ಸೆಕ್ಯುರಿಟಿ ಕೈಗೆ ಕೊಟ್ಟು ಬರಬೇಡಿ. ಎರಡು ವಾರ ಕಳೆದ ಮೇಲೆ ಒಂದು ಸಾರಿ ಫೋನ್ ಮಾಡಿ ತಲುಪಿತೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮತ್ತೆ ಮುಂದಿನ ಟರ್ಮ್‌ಗೆ ಬರೆದರಾಯಿತು.

ಹಣ ಕೇಳಿದರೆ

'ಅನುದಾನಿತ ಶಾಲೆಯಲ್ಲಿ ಖಾಯಂ ಮಾಡಿಸುತ್ತೇವೆ, ಇಷ್ಟು ಕೊಡಿ' ಎನ್ನುವವರು ಎದುರಾದರೆ ಮೇಲೆ ಹೇಳಿದ ಪವಿತ್ರ ಪೋರ್ಟಲ್ ನೆನಪಿರಲಿ. ಆ ದಾರಿ ಬಿಟ್ಟು ಆದ ನೇಮಕಕ್ಕೆ ಇಲಾಖೆಯ ಅನುಮೋದನೆ ಸಿಗದಿದ್ದರೆ ಸರ್ಕಾರದ ಸಂಬಳವೂ ಬರುವುದಿಲ್ಲ, ಕೊಟ್ಟ ಹಣವೂ ಬರುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಆನ್‌ಲೈನ್‌ನಲ್ಲಿ ಕೇಳುವ ಜಾಹೀರಾತುಗಳಿಂದಲೂ ದೂರವಿರಿ.

ಅನುದಾನರಹಿತ ಶಾಲೆಯೇ ಕರೆದು ಕೆಲಸ ಕೊಟ್ಟಾಗ ಬಾಯಿಮಾತಿನ ಮೇಲೆ ಸೇರಬೇಡಿ. ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೆಲ್ಲ ಮಹಾರಾಷ್ಟ್ರ ಖಾಸಗಿ ಶಾಲಾ ನೌಕರರ ಕಾಯ್ದೆ, 1977 ಮತ್ತು ಅದರಡಿಯ 1981ರ ನಿಯಮಗಳು ಅನ್ವಯಿಸುತ್ತವೆ. ಖಾಯಂ ಖಾಲಿ ಹುದ್ದೆಗೆ ನೇಮಕವಾದರೆ ಎರಡು ವರ್ಷ ಪ್ರೊಬೇಷನ್, ಅನುದಾನಿತ ಶಾಲೆಗಳಲ್ಲಾದರೆ ಮೊದಲ ಮೂರು ವರ್ಷ 'ಶಿಕ್ಷಣ ಸೇವಕ'. ನೇಮಕಾತಿ ಆದೇಶದಲ್ಲಿ ಹುದ್ದೆ ಖಾಯಮೋ ತಾತ್ಕಾಲಿಕವೋ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ವೇತನ ಎಷ್ಟು, ಮೇ ತಿಂಗಳ ಸಂಬಳ ಇದೆಯೇ ಎಂಬುದನ್ನು ಓದಿ ನೋಡಿ ಸಹಿ ಮಾಡಿ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ, ಶಾಲೆಯಲ್ಲಿ ಇಟ್ಟು ಬರಬೇಡಿ.